ಮೀಟಿಂಗ್ ಮಧ್ಯೆ ದನಿ ಕಟ್ ಆಗುತ್ತಾ? ದೊಡ್ಡ ಪ್ಲಾನ್ ಹಾಕಿಸುವ ಮೊದಲು ಇಷ್ಟು ಮಾಡಿ ನೋಡಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಪೀಣ್ಯದ ಹೆಡ್ ಆಫೀಸ್, ಹುಬ್ಬಳ್ಳಿಯ ಬ್ರಾಂಚ್, ಮಂಗಳೂರಿನ ಗೋಡೌನ್ ಮೂರೂ ಕಡೆಯವರು ಜೂಮ್‌ನಲ್ಲಿ ಸೇರಿದ್ದಾರೆ. ಐದು ನಿಮಿಷ ಎಲ್ಲ ಸರಿ. ಆಮೇಲೆ ಹುಬ್ಬಳ್ಳಿಯಿಂದ ಮಾತು ಬರುತ್ತದೆ: "ಸರ್ರ, ನಿಮ್ಮ ದನಿ ಕಟ್ ಕಟ್ ಆಗಿ ಬರಾಕತ್ತೈತ್ರಿ." ಈ ಮಾತು ನಮಗೆ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಅವರ ಮುಖವೂ ನಮ್ಮ ಟಿವಿಯಲ್ಲಿ ಚೆನ್ನಾಗೇ ಕಾಣುತ್ತಿದೆ. ಒಡೆಯುತ್ತಿರುವುದು ಇಲ್ಲಿಂದ ಹೋಗುವುದು ಮಾತ್ರ. ಮಂಗಳೂರಿನವರದ್ದು ಬೇರೆಯೇ ಕಥೆ. ಅವರಿಗೆ ನಾವೂ ಕೇಳುತ್ತಿಲ್ಲ, ನಮಗೆ ಅವರೂ ಕೇಳುತ್ತಿಲ್ಲ.

ಸಣ್ಣ ಕಂಪನಿಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಈ ಆಫೀಸಿನಿಂದ ಮೊದಲ ಸಲ ಫೋನ್ ಬಂದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 100 ಎಂಬಿಪಿಎಸ್ ಪ್ಲಾನ್ ತೆಗೆಸಿ 200 ಹಾಕಿಸಿದೆ. ಬಿಲ್ ಏರಿತು. ಮುಂದಿನ ಸೋಮವಾರ ಅದೇ ಕಟ್ ಕಟ್. ಏರಿದ್ದು ಡೌನ್‌ಲೋಡ್ ಮಾತ್ರ. ಅಪ್‌ಲೋಡ್ ಮೊದಲಿನ 20ರಲ್ಲೇ ನಿಂತಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ.

ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಎರಡು ಮೂರು ಕಡೆ ಆಫೀಸ್ ಇದ್ದು, ವಿಪಿಎನ್ (ಇಂಟರ್ನೆಟ್ ಮೇಲೆಯೇ ಆಫೀಸುಗಳ ನಡುವೆ ಕಟ್ಟುವ ಖಾಸಗಿ ದಾರಿ, ಟನಲ್ ಅಂತಲೂ ಅನ್ನುತ್ತಾರೆ) ಹಾಕಿ ಸೇರಿಸಿಕೊಂಡು, ವೀಡಿಯೊ ಮೀಟಿಂಗ್ ಮಾಡುವ ಯಾರಿಗಾದರೂ ಇದು ಹೊಂದುತ್ತದೆ. ಹೊಸ ಸಾಮಾನು ಕೊಳ್ಳುವ ಅಗತ್ಯ ಬಹುಪಾಲು ಬರುವುದಿಲ್ಲ.

ಹೆಜ್ಜೆ 1: ಕಾಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಮೂರು ಡಬ್ಬ ಬರೆಯಿರಿ, ಮೂರು ಆಫೀಸಿಗೆ. ಮೇಲೆ ಒಂದು ಮೋಡ ಬರೆಯಿರಿ. ಜೂಮ್, ಮೀಟ್, ಟೀಮ್ಸ್ ಯಾವುದೇ ಇರಲಿ, ಗುಂಪು ಮೀಟಿಂಗ್ ಆದರೆ ಪೀಣ್ಯದ ವೀಡಿಯೊ ನೇರ ಹುಬ್ಬಳ್ಳಿಗೆ ಹೋಗುವುದಿಲ್ಲ. ಮೊದಲು ಆ ಕಂಪನಿಯ ಸರ್ವರ್‌ಗೆ ಏರುತ್ತದೆ, ಅಲ್ಲಿಂದ ಹುಬ್ಬಳ್ಳಿಗೆ ಇಳಿಯುತ್ತದೆ. ಆಫೀಸುಗಳ ನಡುವಿನ ವಿಪಿಎನ್‌ಗೂ ಈ ಕಾಲ್‌ಗೂ ಸಂಬಂಧವೇ ಇರಬಾರದು. ಇದ್ದರೆ ತೊಂದರೆ ಅಲ್ಲೇ ಇದೆ. ಅದನ್ನು ಐದನೇ ಹೆಜ್ಜೆಯಲ್ಲಿ ನೋಡೋಣ.

ಈ ಚಿತ್ರ ಕಣ್ಣ ಮುಂದಿದ್ದರೆ ದೂರು ಕೇಳಿದ ಕೂಡಲೇ ಅರ್ಧ ಉತ್ತರ ಸಿಗುತ್ತದೆ. ನಿಮ್ಮ ಮಾತು ಎಲ್ಲರಿಗೂ ಒಡೆದು ಕೇಳುತ್ತಿದ್ದರೆ ನಿಮ್ಮ ಅಪ್‌ಲೋಡ್ ನೋಡಿ. ನಿಮಗೆ ಎಲ್ಲರ ಮಾತೂ ಒಡೆದು ಕೇಳುತ್ತಿದ್ದರೆ ನಿಮ್ಮ ಡೌನ್‌ಲೋಡ್ ಅಥವಾ ವೈಫೈ ನೋಡಿ. ಒಬ್ಬರದು ಮಾತ್ರ ಒಡೆಯುತ್ತಿದ್ದರೆ ಆ ಒಬ್ಬರ ಲೈನ್ ನೋಡಬೇಕು. ನಿಮ್ಮ ರೌಟರ್ ಮುಟ್ಟಬೇಡಿ.

ಹೆಜ್ಜೆ 2: ಅಳೆಯಿರಿ, ಆದರೆ ಬರೀ ಸ್ಪೀಡ್ ಅಲ್ಲ

ಸ್ಪೀಡ್ ಟೆಸ್ಟ್ ಎಲ್ಲರೂ ಮಾಡುತ್ತಾರೆ. ಆಫೀಸ್ ಖಾಲಿ ಇರುವ ಸಂಜೆ ಏಳಕ್ಕೆ ಮಾಡಿ, "200 ಬರ್ತಿದೆಯಲ್ಲ" ಅಂತ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ತೊಂದರೆ ಬರುವ ಹೊತ್ತಿಗೇ ಅಳೆಯಬೇಕು. ಕೇಬಲ್ ಚುಚ್ಚಿದ ಕಂಪ್ಯೂಟರಿನಿಂದ ಅಳೆಯಬೇಕು, ವೈಫೈನಿಂದ ಬೇಡ.

ನಾನು ಮಾಡುವುದು ಇಷ್ಟು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಗೂಗಲ್‌ನ ಸರ್ವರ್ 8.8.8.8ಗೆ ಪಿಂಗ್ ಹಾಕುತ್ತೇನೆ. ಒಂದು ಪುಟ್ಟ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಅಲ್ಲಿಗೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಅದು ತೋರಿಸುತ್ತದೆ. ಕೊನೆಗೆ ಹೈಫನ್ ಟಿ ಸೇರಿಸಿದರೆ ನಿಲ್ಲಿಸುವವರೆಗೂ ಓಡುತ್ತಿರುತ್ತದೆ. ಆ ಸೋಮವಾರ ಪೀಣ್ಯದಲ್ಲಿ 9:50ಕ್ಕೆ ಶುರು ಮಾಡಿದೆ. 14, 13, 14, 15. ಒಳ್ಳೆಯ ಲೈನ್. 9:58ಕ್ಕೆ 40 ಆಯಿತು. ಹತ್ತು ಗಂಟೆ ದಾಟಿದ ಮೇಲೆ 210, 380, 590, 610. ಮಧ್ಯೆ ಒಂದು ಟೈಮ್‌ಔಟ್. ಮೀಟಿಂಗ್ ರೂಮಿನಿಂದ "ಹಲೋ, ಹಲೋ, ಕೇಳ್ತಿದೆಯಾ" ಶುರುವಾದದ್ದೂ ಆಗಲೇ.

ಈ 600 ಮಿಲಿಸೆಕೆಂಡ್ ಎಲ್ಲಿಂದ ಬಂತು? ದೂರದಿಂದ ಅಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್, ಅಂದರೆ ಎರಡು ಮಿಲಿಸೆಕೆಂಡ್ ದಾರಿ. ಉಳಿದದ್ದೆಲ್ಲ ಸಾಲಿನಲ್ಲಿ ಕಾದ ಹೊತ್ತು.

ದರ್ಶಿನಿಯಲ್ಲಿ ನಿಂತದ್ದು ನೆನಪಿಸಿಕೊಳ್ಳಿ. ನಿಮಗೆ ಬೇಕಿರುವುದು ಒಂದು ಕಾಫಿ. ಮುಂದೆ ನಿಂತವನು ಆಫೀಸಿನವರಿಗೆಲ್ಲ ಅಂತ ಐವತ್ತು ಇಡ್ಲಿ ಪಾರ್ಸಲ್ ಹೇಳುತ್ತಿದ್ದಾನೆ. ಅಡುಗೆಮನೆ ದೊಡ್ಡದೇ ಇರಬಹುದು, ಕೌಂಟರ್ ಒಂದೇ. ನಿಮ್ಮ ಕಾಫಿ ಮಾಡಲು ಅರ್ಧ ನಿಮಿಷ ಸಾಕು, ಆದರೂ ನೀವು ಹತ್ತು ನಿಮಿಷ ನಿಲ್ಲುತ್ತೀರಿ. ಮೀಟಿಂಗಿನ ದನಿ ಆ ಕಾಫಿ ಇದ್ದ ಹಾಗೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ ಐವತ್ತು ಪುಟ್ಟ ಪ್ಯಾಕೆಟ್. ಅವುಗಳ ಮುಂದೆ ಯಾರದೋ ಬ್ಯಾಕಪ್ ಫೈಲು ಸಾಲಾಗಿ ನಿಂತಿರುತ್ತದೆ.

ಲೆಕ್ಕ ಹಾಕಿದರೆ ಆ ಸಾಲು ದೊಡ್ಡದೇನಲ್ಲ. 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2.5 ಎಂಬಿ. 600 ಮಿಲಿಸೆಕೆಂಡಿಗೆ 1.5 ಎಂಬಿ. ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು ಡೇಟಾ ಮೋಡೆಮ್‌ನ ಬಫರ್‌ನಲ್ಲಿ, ಅಂದರೆ ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗದಲ್ಲಿ, ಕೂತಿದ್ದರೆ ಸಾಕು, ಮೀಟಿಂಗ್ ಹಾಳು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟ್ಟಿಸ್ ಎಂಬ ಇಂಜಿನಿಯರ್ 2010ರಲ್ಲಿ ತಮ್ಮ ಮನೆಯ ಲೈನ್‌ನಲ್ಲೇ ಇದನ್ನು ಹಿಡಿದು ಈ ಹೆಸರಿನಲ್ಲಿ ಎಲ್ಲರ ಗಮನಕ್ಕೆ ತಂದರು.

ಪಿಂಗ್ ನೋಡಲು ಬೇಜಾರಾದರೆ ಫಾಸ್ಟ್ ಡಾಟ್ ಕಾಮ್ ತೆರೆಯಿರಿ. ಹೆಚ್ಚಿನ ಮಾಹಿತಿ ಒತ್ತಿದರೆ ಲೋಡ್ ಇಲ್ಲದಾಗ ಮತ್ತು ಇದ್ದಾಗ ಲೇಟೆನ್ಸಿ (ಹೋಗಿ ಬರಲು ಹಿಡಿಯುವ ಹೊತ್ತು) ಎಷ್ಟು ಅಂತ ಎರಡು ಅಂಕಿ ತೋರಿಸುತ್ತದೆ. ಎರಡರ ನಡುವಿನ ಅಂತರವೇ ನಿಮ್ಮ ಸಾಲು. ಮಾತುಕತೆಗೆ ಒಂದು ಕಡೆಯ ದಾರಿ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಶಿಫಾರಸು. ಪ್ಯಾಕೆಟ್ ಲಾಸ್, ಅಂದರೆ ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್, ನೂರಕ್ಕೆ ಒಂದನ್ನು ದಾಟಬಾರದು ಅನ್ನುವುದು ನಾನು ಇಟ್ಟುಕೊಂಡಿರುವ ಗೆರೆ.

ಹೆಜ್ಜೆ 3: ನಿಜವಾಗಿ ಎಷ್ಟು ಬೇಕು?

ಜೂಮ್ ಗುಂಪು ಮೀಟಿಂಗಿನಲ್ಲಿ 720ಪಿ ವೀಡಿಯೊಗೆ ಒಂದು ಕಂಪ್ಯೂಟರಿಗೆ ಅಪ್‌ಲೋಡ್ ಸುಮಾರು 2.6, ಡೌನ್‌ಲೋಡ್ ಸುಮಾರು 1.8 ಎಂಬಿಪಿಎಸ್ ಬೇಕು. 1080ಪಿ ಆದರೆ 3.8 ಮತ್ತು 3. ಬರೀ ದನಿಗೆ 100 ಕೆಬಿಪಿಎಸ್ ಕೂಡ ಬೇಡ. ಸ್ಕ್ರೀನ್ ಶೇರ್ ಜನ ಅಂದುಕೊಂಡಷ್ಟು ತಿನ್ನುವುದಿಲ್ಲ. ಎಕ್ಸೆಲ್ ಶೀಟ್ ಸುಮ್ನೆ ನಿಂತಿದ್ದರೆ 150 ಕೆಬಿಪಿಎಸ್ ಒಳಗೇ ಮುಗಿಯುತ್ತದೆ. ಹಂಚಿದ ಸ್ಕ್ರೀನಿನಲ್ಲಿ ವೀಡಿಯೊ ಓಡಿಸಿದರೆ ಮಾತ್ರ ಲೆಕ್ಕ ಬೇರೆ.

ಪೀಣ್ಯದಲ್ಲಿ ಮೀಟಿಂಗ್ ರೂಮ್ ಒಂದು, ತಮ್ಮ ಸೀಟಿನಿಂದಲೇ ಸೇರಿದವರು ಮೂವರು. ನಾಲ್ಕು ಗುಣಿಸು 2.6, ಅಂದರೆ 10.4. ಅಪ್‌ಲೋಡ್ ಇರುವುದು 20. ಕಾಗದದ ಮೇಲೆ ಅರ್ಧಕ್ಕರ್ಧ ಮಿಕ್ಕಬೇಕು ಅಲ್ವಾ? ಹಾಗಾದರೆ ಮಿಕ್ಕದ್ದನ್ನು ಯಾರೋ ತಿನ್ನುತ್ತಿದ್ದಾರೆ.

ಹೆಜ್ಜೆ 4: ತಿನ್ನುವವರನ್ನು ಹಿಡಿಯಿರಿ

ಸ್ವಲ್ಪ ಒಳ್ಳೆಯ ರೌಟರ್ ಆದರೆ ಯಾವ ಐಪಿ (ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಧನದ ವಿಳಾಸ) ಎಷ್ಟು ಎಳೆಯುತ್ತಿದೆ ಅಂತ ತೋರಿಸುತ್ತದೆ. ಮೈಕ್ರೊಟಿಕ್ ಕಂಪನಿಯ ರೌಟರ್‌ನಲ್ಲಿ ಅದಕ್ಕೆ ಟಾರ್ಚ್ ಅಂತಲೇ ಹೆಸರು. ಹತ್ತು ಗಂಟೆ ಐದು ನಿಮಿಷಕ್ಕೆ ಅದನ್ನು ತೆರೆದೆ. ಅಪ್‌ಲೋಡ್‌ನಲ್ಲಿ ಮೊದಲ ಸ್ಥಾನದಲ್ಲಿ ಕೂತಿದ್ದದ್ದು ಸಿಸಿಟಿವಿಯ ಎನ್‌ವಿಆರ್, ಅಂದರೆ ಕ್ಯಾಮೆರಾಗಳ ರೆಕಾರ್ಡಿಂಗ್ ಡಬ್ಬಿ. ಸರಾಸರಿ 15 ಎಂಬಿಪಿಎಸ್.

ಆಫೀಸಿನಲ್ಲಿ ಯಾರೂ ಕ್ಯಾಮೆರಾ ನೋಡುತ್ತಿರಲಿಲ್ಲ. ನೋಡುತ್ತಿದ್ದವರು ಮಾಲೀಕರು, ಮನೆಯಿಂದ, ಫೋನಿನಲ್ಲಿ. ಸೋಮವಾರ ಹತ್ತಕ್ಕೆ ಯಾರು ಯಾರು ಬಂದಿದ್ದಾರೆ ಅಂತ ನೋಡುವುದು ಅವರ ಅಭ್ಯಾಸ. ನಾಲ್ಕು ಕ್ಯಾಮೆರಾ ಒಟ್ಟಿಗೆ, ಮುಖ ಚೆನ್ನಾಗಿ ಕಾಣಲಿ ಅಂತ ನಾಲ್ಕೂ ಎಚ್‌ಡಿ. ಒಂದೊಂದು ಕ್ಯಾಮೆರಾದ ಮೇನ್ ಸ್ಟ್ರೀಮ್ 4 ಎಂಬಿಪಿಎಸ್‌ಗೆ ಸೆಟ್ ಆಗಿತ್ತು. ಅದೇ ಹೊತ್ತಿಗೆ ಅವರು ಇನ್ನೊಂದು ಫೋನಿನಿಂದ ಮೀಟಿಂಗಿಗೂ ಸೇರಿ "ಯಾಕ್ರಯ್ಯ ಯಾರ ದನಿಯೂ ಸರಿಯಾಗಿ ಬರ್ತಿಲ್ಲ" ಅಂತ ಬೈಯುತ್ತಿದ್ದರು. ಇದನ್ನು ಅವರಿಗೆ ಹೇಗೆ ಹೇಳಿದೆ ಅನ್ನುವುದು ಬೇರೆ ಲೇಖನಕ್ಕಾಗುವಷ್ಟು ವಿಷಯ. ಕೊನೆಗೆ ಅವರ ಆ್ಯಪ್‌ನಲ್ಲಿ ಸಬ್ ಸ್ಟ್ರೀಮ್, ಅಂದರೆ ಅದೇ ಕ್ಯಾಮೆರಾದ ಕಡಿಮೆ ಗುಣಮಟ್ಟದ ವೀಡಿಯೊ, ಆರಿಸಿ ಕೊಟ್ಟೆ. ಸಬ್ ಸ್ಟ್ರೀಮನ್ನು 512 ಕೆಬಿಪಿಎಸ್‌ಗೆ ಇಟ್ಟಿದ್ದೇನೆ. ನಾಲ್ಕಕ್ಕೂ ಸೇರಿ 2 ಎಂಬಿಪಿಎಸ್. ಯಾರು ಬಂದರು ಅಂತ ಗೊತ್ತಾಗಲು ಅಷ್ಟು ಸಾಕು.

ಎರಡನೆಯದು ಅಕೌಂಟ್ಸ್ ವಿಭಾಗದ ಕಂಪ್ಯೂಟರ್. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ಗೂಗಲ್ ಡ್ರೈವ್‌ಗೆ ಏರಲು ಶುರು. ಡ್ರೈವ್ ಮತ್ತು ಒನ್‌ಡ್ರೈವ್ ಎರಡರ ಕಂಪ್ಯೂಟರ್ ಆ್ಯಪ್‌ನಲ್ಲೂ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಇದೆ. ಮಿತಿ ಹಾಕಿ. ಇನ್ನೂ ಒಳ್ಳೆಯದು ಅಂದರೆ ಬ್ಯಾಕಪ್ ಫೈಲ್ ಆ ಫೋಲ್ಡರಿಗೆ ಬೀಳುವ ಹೊತ್ತನ್ನೇ ಸಂಜೆಗೆ ತಳ್ಳಿ.

ಇನ್ನು ಎಲ್ಲ ಆಫೀಸಿನಲ್ಲೂ ಇರುವ ಸಣ್ಣ ಕಳ್ಳರು. ಆಫೀಸ್ ವೈಫೈ ಸಿಕ್ಕ ಕೂಡಲೇ ಭಾನುವಾರದ ಮದುವೆ ಫೋಟೋಗಳನ್ನೆಲ್ಲ ಮೇಲೆ ಕಳಿಸುವ ಫೋನುಗಳು. ವಿಂಡೋಸ್ ಅಪ್‌ಡೇಟ್ ಕೂಡ. ಅದರ ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ಇಂಟರ್ನೆಟ್‌ನ ಬೇರೆ ಕಂಪ್ಯೂಟರುಗಳಿಗೂ ಹಂಚುವ ಆಯ್ಕೆ ಇದೆ, ಆನ್ ಆಗಿದ್ದರೆ ಆಫ್ ಮಾಡಿ. ಲೋಕಲ್ ನೆಟ್‌ವರ್ಕ್‌ನೊಳಗೆ ಹಂಚುವುದು ಇರಲಿ, ಅದು ಒಳ್ಳೆಯದೇ. ಫೋನುಗಳಿಗೆ ಬೇರೆ ಗೆಸ್ಟ್ ವೈಫೈ ಕೊಟ್ಟು ಅದಕ್ಕೆ ಒಂದು ಮಿತಿ ಕಟ್ಟಿ. ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿ ಮುಗಿಸುತ್ತೇನೆ ಅಂದುಕೊಳ್ಳಬೇಡಿ, ನಾನು ಪ್ರಯತ್ನಿಸಿ ಸೋತಿದ್ದೇನೆ.

ಹೆಜ್ಜೆ 5: ಮೀಟಿಂಗನ್ನು ಟನಲ್‌ಗೆ ಹಾಕಬೇಡಿ

ಈಗ ಮಂಗಳೂರಿನ ಕಥೆ. ಗೋಡೌನಿನ ರೌಟರ್‌ನಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್‌ನ ಟನಲ್ ಇತ್ತು, ಪೀಣ್ಯದ ಟ್ಯಾಲಿ ಸರ್ವರ್ ಮುಟ್ಟಲಿಕ್ಕೆ. ಹಾಕಿದವರು ಟನಲ್ ಒಳಗೆ ಯಾವ ವಿಳಾಸಗಳಿಗೆ ಹೋಗಬಹುದು ಅಂತ ಬರೆಯುವ ಅಲೌಡ್ ಐಪಿ ಜಾಗದಲ್ಲಿ 0.0.0.0/0 ಅಂತ ಬರೆದು, ಅದನ್ನೇ ಡೀಫಾಲ್ಟ್ ದಾರಿಯಾಗಿ ಬಿಟ್ಟಿದ್ದರು. ಅದರ ಅರ್ಥ, ಟ್ಯಾಲಿ ಮಾತ್ರವಲ್ಲ, ಮಂಗಳೂರಿನಿಂದ ಹೊರಡುವ ಎಲ್ಲವೂ ಪೀಣ್ಯದ ಮೂಲಕವೇ ಹೋಗಬೇಕು. ಗೋಡೌನಿನ ಹುಡುಗ ಊಟದ ಹೊತ್ತಿಗೆ ರೀಲ್ಸ್ ನೋಡಿದರೆ ಆ ರೀಲ್ಸ್ ಮೊದಲು ಪೀಣ್ಯಕ್ಕೆ ಇಳಿದು, ಅಲ್ಲಿಂದ ಪೀಣ್ಯದ ಅಪ್‌ಲೋಡ್ ಹಿಡಿದು ಮಂಗಳೂರಿಗೆ ಹೋಗುತ್ತಿತ್ತು. ಮೀಟಿಂಗ್ ಕೂಡ ಹಾಗೇ. ಅವರ ದನಿ ಜೂಮ್‌ಗೆ ಹೋಗುವಾಗಲೂ, ನಮ್ಮ ದನಿ ಅವರಿಗೆ ಬರುವಾಗಲೂ ಆ 20 ಎಂಬಿಪಿಎಸ್ ಕೌಂಟರಿನಲ್ಲೇ ನಿಲ್ಲಬೇಕು. ಎರಡೂ ಕಡೆ ಒಡೆಯುತ್ತಿದ್ದದ್ದು ಇದಕ್ಕೇ.

ಸರಿ ಮಾಡಲು ಹಿಡಿದದ್ದು ಎರಡು ನಿಮಿಷ. 0.0.0.0/0 ಅಳಿಸಿ 192.168.10.0/24 ಅಂತ ಬರೆದೆ, ಅಂದರೆ ಪೀಣ್ಯದ ಒಳಗಿನ ನೆಟ್‌ವರ್ಕ್ ಮಾತ್ರ. ಟನಲ್‌ನ ಪೀಣ್ಯದ ತುದಿಯ ಐಪಿಯೂ ಆ ಪಟ್ಟಿಯಲ್ಲಿರಲಿ. ಹಳೆಯ ಡೀಫಾಲ್ಟ್ ರೂಟ್ ತೆಗೆದು ಉಳಿದದ್ದನ್ನು ಮಂಗಳೂರಿನ ಲೈನ್‌ನಿಂದಲೇ ಹೊರಗೆ ಬಿಟ್ಟೆ. ಇದನ್ನು ಸ್ಪ್ಲಿಟ್ ಟನಲ್ ಅನ್ನುತ್ತಾರೆ. ಹೆಡ್ ಆಫೀಸಿನ ಫೈರ್‌ವಾಲ್ ಮೂಲಕವೇ ಎಲ್ಲವೂ ಹೋಗಬೇಕು ಅನ್ನುವ ನಿಯಮ ನಿಮ್ಮಲ್ಲಿದ್ದರೆ ಮೀಟಿಂಗ್ ಟ್ರಾಫಿಕ್ ಒಂದನ್ನಾದರೂ ಹೊರಗಿಡಿ.

ಟನಲ್ ಮುಟ್ಟಿದಾಗ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಅನ್ನುವ ಮಿತಿ, ಅದನ್ನೂ ನೋಡಿಬಿಡಿ. ಮನೆಗೂ ಸಣ್ಣ ಆಫೀಸಿಗೂ ಬರುವ ಎಷ್ಟೋ ಫೈಬರ್ ಲೈನ್ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಬಗೆ) ಮೇಲೆ ನಡೆಯುತ್ತವೆ. ಅದರ ಎಂಟಿಯು 1492. ವೈರ್‌ಗಾರ್ಡ್‌ನ ಡೀಫಾಲ್ಟ್ 1420. ಪಿಪಿಪಿಒಇ ಮೇಲೆ 1412 ಇಟ್ಟರೆ ಯಾವ ಚಿಂತೆಯೂ ಇಲ್ಲ. ಪಿಂಗ್ ಹೋಗುತ್ತೆ, ಫೈಲ್ ತೆರೆದರೆ ಹ್ಯಾಂಗ್ ಆಗುತ್ತೆ ಅನ್ನುವ ದೂರಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಹೆಜ್ಜೆ 6: ಸಾಲನ್ನು ನಿಮ್ಮ ರೌಟರಿಗೆ ಎಳೆದುಕೊಳ್ಳಿ

ಒಂದೇ ಹೆಜ್ಜೆ ಮಾಡಲು ಹೊತ್ತಿದೆ ಅಂದರೆ ಇದನ್ನು ಮಾಡಿ.

ಸಾಲು ನಿಲ್ಲುವುದು ಲೈನ್ ಎಲ್ಲಿ ಕಿರಿದಾಗುತ್ತದೋ ಅಲ್ಲಿ. ಸಾಮಾನ್ಯವಾಗಿ ಅದು ಇಂಟರ್ನೆಟ್ ಕಂಪನಿಯವರು ಗೋಡೆಗೆ ಹೊಡೆದು ಹೋದ ಡಬ್ಬಿಯಲ್ಲಿ ಅಥವಾ ಅವರ ಕಡೆಯ ಸಾಧನದಲ್ಲಿ. ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. ಬಂದವರನ್ನು ಬಂದ ಕ್ರಮದಲ್ಲಿ ಬಿಡುವುದಷ್ಟೇ ಅದಕ್ಕೆ ಗೊತ್ತು. ಆದ್ದರಿಂದ ನಿಮ್ಮ ರೌಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನ್‌ಗಿಂತ ಸ್ವಲ್ಪ ಕೆಳಗೆ ಇಡಿ. ಅಳೆದಾಗ 20 ಬಂದರೆ 17. ಶೇಕಡಾ 85ರಿಂದ 90 ಅಂತ ಇಟ್ಟುಕೊಳ್ಳಿ. ಈಗ ಲೈನ್ ಎಂದೂ ತುಂಬುವುದಿಲ್ಲ. ಸಾಲು ನಿಮ್ಮ ರೌಟರ್ ಒಳಗೆ ನಿಲ್ಲುತ್ತದೆ. ಅಲ್ಲಿ ಯಾರು ಮೊದಲು ಅನ್ನುವುದನ್ನು ನೀವು ತೀರ್ಮಾನಿಸಬಹುದು. 3 ಎಂಬಿಪಿಎಸ್ ಸುಮ್ನೆ ಬಿಟ್ಟುಕೊಟ್ಟ ಹಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಬಿಟ್ಟುಕೊಟ್ಟೆ. ಅದೇ ಬೆಲೆ.

ಮಿತಿಯ ಜೊತೆಗೆ ಕ್ಯೂ, ಅಂದರೆ ಸಾಲು, ಯಾವ ಬಗೆಯದು ಅಂತಲೂ ಆರಿಸಬೇಕು. ಎಫ್‌ಕ್ಯೂ ಕೋಡೆಲ್ ಅಥವಾ ಕೇಕ್, ಎರಡರಲ್ಲಿ ಯಾವುದಾದರೂ ಸರಿ. ಎಫ್‌ಕ್ಯೂ ಕೋಡೆಲ್ 2018ರಲ್ಲಿ ಆರ್‌ಎಫ್‌ಸಿ 8290 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಇವು ಪ್ರತಿ ಕನೆಕ್ಷನ್‌ಗೂ ಬೇರೆ ಬೇರೆ ಸಾಲು ಕಟ್ಟಿ ಸರದಿಯ ಪ್ರಕಾರ ಬಿಡುತ್ತವೆ. ಇಡ್ಲಿ ಪಾರ್ಸಲ್‌ನವನಿಗೆ ಒಂದು ಸಾಲು, ಕಾಫಿಯವರಿಗೆ ಇನ್ನೊಂದು. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ಸಾಫ್ಟ್‌ವೇರ್ ಇರುವ ರೌಟರ್‌ನಲ್ಲಿ ಎಸ್‌ಕ್ಯೂಎಂ ಅನ್ನುವ ಪ್ಯಾಕೇಜ್ ಹಾಕಿ ಎರಡು ಅಂಕಿ ತುಂಬಿದರೆ ಮುಗಿಯಿತು. ಮೈಕ್ರೊಟಿಕ್ ಆದರೆ ಅದರ ಸಾಫ್ಟ್‌ವೇರ್ ರೌಟರ್‌ಒಎಸ್ 7ರಲ್ಲಿ ಎರಡೂ ಕ್ಯೂ ಇವೆ.

ಮೈಕ್ರೊಟಿಕ್‌ನವರಿಗೆ ಒಂದು ಎಚ್ಚರಿಕೆ. ಡೀಫಾಲ್ಟ್ ಫೈರ್‌ವಾಲ್‌ನಲ್ಲಿ ಫಾಸ್ಟ್‌ಟ್ರ್ಯಾಕ್ ಅನ್ನುವ ರೂಲ್ ಇರುತ್ತದೆ. ಅದರ ಮೂಲಕ ಹೋದ ಪ್ಯಾಕೆಟ್ ಸಿಂಪಲ್ ಕ್ಯೂ ಮುಟ್ಟುವುದೇ ಇಲ್ಲ. ನಾನು ಒಂದು ಇಡೀ ಮಧ್ಯಾಹ್ನ ಕ್ಯೂ ಹಾಕಿ, ತೆಗೆದು, ಮತ್ತೆ ಹಾಕಿ, ಏನೂ ಬದಲಾಗದೆ ತಲೆ ಕೆಡಿಸಿಕೊಂಡದ್ದು ಈ ಒಂದು ರೂಲ್‌ನಿಂದ. ಅದನ್ನು ಆಫ್ ಮಾಡಿ. ಆಗ ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ. ತೀರಾ ಸಣ್ಣ ರೌಟರ್ ಆದರೆ ಡೌನ್‌ಲೋಡ್ ಪೂರ್ತಿ ಬಾರದೆ ಇರಬಹುದು, ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಡೌನ್‌ಲೋಡ್‌ಗೂ ಹೀಗೇ ಮಿತಿ ಇಡಬಹುದು. ಅಪ್‌ಲೋಡ್‌ನಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಆ ಸಾಲು ನಿಲ್ಲುವುದು ಕಂಪನಿಯವರ ಕಡೆ. ಆದರೂ ಉಪಯೋಗವಿದೆ.

ಪೀಣ್ಯದಲ್ಲಿ 17 ಹಾಕಿದ ಮೇಲೆ ಬೇಕಂತಲೇ ಒಂದು ದೊಡ್ಡ ಫೈಲ್ ಡ್ರೈವ್‌ಗೆ ಏರಿಸುತ್ತಾ ಪಿಂಗ್ ನೋಡಿದೆ. 19, 22, 18, 25. ಫೈಲ್ ಸ್ವಲ್ಪ ನಿಧಾನ ಏರಿತು. ಯಾರೂ ಗಮನಿಸಲಿಲ್ಲ.

ಹೆಜ್ಜೆ 7: ಬೇಕಿದ್ದರೆ ಮಾತ್ರ ಆದ್ಯತೆ

ಆರನೇ ಹೆಜ್ಜೆಗೇ ಹೆಚ್ಚಿನ ಆಫೀಸುಗಳ ರಗಳೆ ಮುಗಿಯುತ್ತದೆ. ಲೈನ್ ತೀರಾ ಸಣ್ಣದಿದ್ದರೆ ಮೀಟಿಂಗಿಗೆ ಆದ್ಯತೆ ಕೊಡಿ. ಗುರುತಿಸುವುದು ಯುಡಿಪಿ ಪೋರ್ಟ್ ನೋಡಿ. ಯುಡಿಪಿ ಅಂದರೆ ಕಳೆದದ್ದಕ್ಕೆ ಕಾಯದೆ ಪ್ಯಾಕೆಟ್ ಕಳಿಸುವ ಬಗೆ, ಪೋರ್ಟ್ ಅಂದರೆ ಅದು ಹೋಗುವ ಬಾಗಿಲಿನ ನಂಬರ್. ಜೂಮ್‌ಗೆ 8801ರಿಂದ 8810, ಟೀಮ್ಸ್‌ಗೆ 3478ರಿಂದ 3481, ಮೀಟ್‌ಗೆ 3478 ಮತ್ತು 19305ರಿಂದ 19309. ಪ್ಯಾಕೆಟ್ ಮೇಲೆ ಆದ್ಯತೆ ತೋರಿಸುವ ಡಿಎಸ್‌ಸಿಪಿ ಅನ್ನುವ ಗುರುತು ದನಿಗೆ 46, ವೀಡಿಯೊಗೆ 34 ಹಾಕುವುದು ರೂಢಿ. ಆದರೆ ಈ ಗುರುತು ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ನಿಮ್ಮ ರೌಟರ್ ದಾಟಿದ ಮೇಲೆ ನಡೆಯುತ್ತದೆ ಅನ್ನುವ ಭರವಸೆ ಇಲ್ಲ. ಎಂಪಿಎಲ್‌ಎಸ್ ಅನ್ನುವ ಖಾಸಗಿ ಲೈನ್ ತೆಗೆದುಕೊಂಡು ಒಪ್ಪಂದದಲ್ಲಿ ಬರೆಸಿದ್ದರೆ ಮಾತ್ರ ಕೇಳಬಹುದು.

ಆದ್ಯತೆ ಕೇಳಿ ಎಲ್ಲ ವಿಭಾಗದವರೂ ಬರುತ್ತಾರೆ. ಟ್ಯಾಲಿಗೂ ಬೇಕು, ಮೇಲ್‌ಗೂ ಬೇಕು. ಎಲ್ಲರಿಗೂ ಸ್ಪೆಷಲ್ ದರ್ಶನದ ಟಿಕೆಟ್ ಕೊಟ್ಟರೆ ದೇವಸ್ಥಾನದಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ದನಿಗೆ ಮೊದಲು, ಮೀಟಿಂಗಿನ ವೀಡಿಯೊಗೆ ಆಮೇಲೆ, ಉಳಿದವರು ಒಟ್ಟಿಗೆ. ಅಷ್ಟರಲ್ಲೇ ನಿಲ್ಲಿಸಿ.

ಇದೇ ಪೋರ್ಟುಗಳು ನಿಮ್ಮ ಫೈರ್‌ವಾಲ್‌ನಲ್ಲಿ ಮುಚ್ಚಿಲ್ಲವೇ ಅಂತಲೂ ನೋಡಿ. ಯುಡಿಪಿ ಮುಚ್ಚಿದ್ದರೆ ಕಾಲ್ ಟಿಸಿಪಿ ಅನ್ನುವ ಇನ್ನೊಂದು ಬಗೆಗೆ, 443ನೇ ಪೋರ್ಟಿಗೆ ಬೀಳುತ್ತದೆ. ನಡೆಯುತ್ತದೆ, ಆದರೆ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೂ ಅದರ ಹಿಂದೆ ಬರುತ್ತಿರುವುದೆಲ್ಲ ಕಾಯುತ್ತದೆ.

ಹೆಜ್ಜೆ 8: ಮೀಟಿಂಗ್ ರೂಮಿನೊಳಗೆ

ಒಂದೇ ರೂಮಿನಲ್ಲಿ ಕೂತ ಐವರು ಐದು ಲ್ಯಾಪ್‌ಟಾಪ್ ತೆರೆಯಬೇಡಿ. ಒಂದು ಕ್ಯಾಮೆರಾ, ಒಂದು ಮೈಕ್. ಬ್ಯಾಂಡ್‌ವಿಡ್ತ್ ಜೊತೆ ಎಕೋ ಕಾಟವೂ ಹೋಗುತ್ತದೆ. ರೂಮಿನ ಕಂಪ್ಯೂಟರಿಗೆ ಕೇಬಲ್ ಎಳೆಸಿ. ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು, ಮತ್ತು ಇಡೀ ಕಟ್ಟಡ ಅವುಗಳ ಮೇಲೇ ಕೂತಿರುತ್ತದೆ. ಎಚ್‌ಡಿ ಆಫ್ ಮಾಡಿ. ಲೆಕ್ಕಪತ್ರ ಮಾತಾಡುವ ಮೀಟಿಂಗಿಗೆ ಯಾರ ಮುಖವೂ 1080ಪಿಯಲ್ಲಿ ಬೇಕಿಲ್ಲ.

ಹೆಜ್ಜೆ 9: ಎರಡನೇ ಲೈನ್

ಮೀಟಿಂಗ್ ತಪ್ಪಲೇಬಾರದು ಅನ್ನುವವರು ಬೇರೆ ಕಂಪನಿಯ ಎರಡನೇ ಲೈನ್ ಇಟ್ಟುಕೊಳ್ಳಿ. ತೆಗೆದುಕೊಳ್ಳುವ ಮೊದಲು ಹೊರಗೆ ಹೋಗಿ ಕಂಬ ನೋಡಿ. ಎರಡೂ ಕೇಬಲ್ ಒಂದೇ ಕಂಬದಿಂದ, ಒಂದೇ ಮೋರಿಯ ಪಕ್ಕ ಬರುತ್ತಿದ್ದರೆ ರಸ್ತೆ ಅಗೆಯುವ ಜೆಸಿಬಿಗೆ ಎರಡೂ ಒಂದೇ. ಅಂಥ ಕಡೆ ಎರಡನೆಯದಾಗಿ 4ಜಿ ಅಥವಾ 5ಜಿ ರೌಟರ್ ವಾಸಿ. ಗೋಡೆಯ ಫೈಬರ್ ಡಬ್ಬಿಗೂ ರೌಟರಿಗೂ ಒಂದು ಮಿನಿ ಯುಪಿಎಸ್ ಕೊಡಿಸಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬದುಕಿರುತ್ತದೆ, ಆ ಡಬ್ಬಿ ಬದುಕಿರುವುದಿಲ್ಲ.

ಹೆಜ್ಜೆ 10: ರ್‍ಯಾಕ್ ಬಾಗಿಲಿಗೆ ಒಂದು ಚೀಟಿ

ಲೈನ್ ಎಷ್ಟು, ಅಳೆದಾಗ ಎಷ್ಟು ಬಂತು, ರೌಟರ್‌ನಲ್ಲಿ ಎಷ್ಟಕ್ಕೆ ಮಿತಿ ಇಟ್ಟಿದ್ದೀರಿ, ಯಾವ ದಿನ. ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಪೀಣ್ಯದವರು ಒಂದು ವರ್ಷದ ಮೇಲೆ ಪ್ಲಾನ್ ಬದಲಿಸಿದರು. ಈ ಸಲ ಸರಿಯಾಗಿ ವಿಚಾರಿಸಿ, ಅಪ್‌ಲೋಡ್ 50 ಇರುವುದನ್ನೇ ತೆಗೆದುಕೊಂಡರು. ಮಾರನೇ ದಿನ ಫೋನ್: "ಸಾರ್, 50 ಅಂತ ದುಡ್ಡು ಕಟ್ಟಿದೀವಿ, 17ರ ಮೇಲೆ ಏಳ್ತಾನೇ ಇಲ್ಲ." ನಾನು ಇಂಟರ್ನೆಟ್ ಕಂಪನಿಯವರ ಜೊತೆ ಎರಡು ದಿನ ಜಗಳ ಆಡಿದೆ. ಅವರ ಹುಡುಗ ಬಂದು, ಕೇಬಲ್ ಬದಲಿಸಿ, ಡಬ್ಬಿಯನ್ನೂ ಬದಲಿಸಿ, ತಲೆ ಕೆರೆದುಕೊಂಡು ಹೋದ. ಮೂರನೇ ದಿನ ರ್‍ಯಾಕ್ ಬಾಗಿಲು ತೆಗೆದಾಗ ನನ್ನದೇ ಕೈಬರಹದ 17 ಕಾಣಿಸಿತು.